ಬಸ್‌ಸ್ಟ್ಯಾಂಡ್ ಬಾಲ್ಕನಿ: ಎಕ್ಕ ಹೋಗಿ ರಾಣಿ ಬಂತು... ನಡುವೆ ಕಟ್ ಇತ್ತಾ?

ಚಿತ್ರರಸಿಕರೇ, ಈ ವಾರ ಗಾಂಧಿನಗರದ ಬಾಗಿಲು ಮುಚ್ಚಿಟ್ಟಿದ್ದೇನೆ. ಯಾವ ನಾಯಕಿ ಯಾವ ಸೆಟ್ಟಿನಲ್ಲಿ ಮುನಿಸಿಕೊಂಡಳು, ಯಾರ ಚಿತ್ರಕ್ಕೆ ಎಷ್ಟು ಥಿಯೇಟರ್ ಸಿಕ್ಕಿತು, ಆ ಪುರಾಣವೆಲ್ಲ ಮುಂದಿನ ವಾರಕ್ಕಿರಲಿ. ಈ ಸಲ ನಿಮ್ಮ ಅಂಗೈ ಮೇಲಿನ ಟಾಕೀಸಿನ ವಿಚಾರ. ಅದೇ ರೀ, ನಿಮ್ಮ ಮೊಬೈಲು!

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ಈ ದಾರಿಯಲ್ಲಿ ಹೋದ ತಿಂಗಳು ಬಸ್ಸಿನಲ್ಲಿ ಓಡಾಡಿದೆ. ಮೂರು ಊರಿನ ಸ್ಟ್ಯಾಂಡಿನಲ್ಲೂ ಹುಡುಗರು ನೋಡುತ್ತಿದ್ದುದು ಒಂದೇ ಸಿನಿಮಾ. ಎರಡು ಕೈ, ಒಂದು ಕಟ್ಟು ಇಸ್ಪೀಟ್ ಎಲೆ, ಕೆಳಗೆ ಕಪ್ಪು ಬಟ್ಟೆ. ಎಕ್ಕ ತೋರಿಸುತ್ತಾರೆ, ಕೈ ಆಡಿಸುತ್ತಾರೆ, ರಾಣಿ ಬಂತು! ಕೆಳಗೆ ದಪ್ಪ ಅಕ್ಷರದಲ್ಲಿ: ಐದೇ ನಿಮಿಷದಲ್ಲಿ ಕಲಿಯಿರಿ.

ಸಿಂಧನೂರಿನ ಹುಡುಗನೊಬ್ಬ ನೇರವಾಗಿ ಕೇಳಿಯೇಬಿಟ್ಟ. “ಅಣ್ಣಾರ, ಸಿನಿಮಾ ಚಲೋ ಐತೋ ಇಲ್ಲೋ ಅಂತ ವಾರಾ ವಾರಾ ಬರೀತೀರಿ. ಇದರಾಗ ಯಾವುದು ಚಲೋ, ಯಾವುದು ಬೋಗಸ್ ಅಂತ ಯಾರ್ ಹೇಳ್ಬೇಕ್ರಿ?”

ನ್ಯಾಯವಾದ ಪ್ರಶ್ನೆ. ಸಿನಿಮಾಕ್ಕೆ ಸೆನ್ಸಾರ್ ಇದೆ, ವಿಮರ್ಶಕರಿದ್ದಾರೆ, ಮೊದಲ ದಿನ ನೋಡಿ ಬಂದು ಬಯ್ಯುವ ಗೆಳೆಯರಿದ್ದಾರೆ. ಇಸ್ಪೀಟ್ ಮ್ಯಾಜಿಕ್ ಕಲಿಸುವ ವಿಡಿಯೋಗಳಿಗೆ ಯಾರಿದ್ದಾರೆ? ಯಾರೂ ಇಲ್ಲ. ಹಾಗಾಗಿ ಈ ವಾರ ನಾನೇ ಸೆನ್ಸಾರ್ ಬೋರ್ಡು!

ರೊಕ್ಕ ಹೋದದ್ದು ಸಣ್ಣದು

ಮೊದಲು ಆ ಹುಡುಗನ ಕಥೆ ಕೇಳಿ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಕೆಲಸ. ಯಾವುದೋ ಪರದೇಶದ ಅಂಗಡಿಯ ಟ್ರೇಲರ್ ನೋಡಿದ. ಎಲೆ ಗಾಳಿಯಲ್ಲಿ ಬಣ್ಣ ಬದಲಿಸುತ್ತೆ, ನೋಡಿದ ಹುಡುಗಿ ಕಿರುಚುತ್ತಾಳೆ, ಹಿಂದೆ ಢಂ ಢಂ ಸಂಗೀತ. ಎರಡು ದಿನದ ಪಗಾರ ಕೊಟ್ಟು ಪಾಠ ಕೊಂಡ. ತಿಂಗಳುಗಟ್ಟಲೆ ರಾತ್ರಿ ಕೂತು ಅಭ್ಯಾಸ ಮಾಡಿದ. ಒಂದು ಸಂಜೆ ಸ್ಟ್ಯಾಂಡಿನ ಚಹಾ ಅಂಗಡಿ ಮುಂದೆ ಗೆಳೆಯರಿಗೆ ತೋರಿಸಿದ.

ಮುಂದೆ ನಿಂತವರು ಬಾಯಿ ಬಿಟ್ಟರು. ಹಿಂದೆ ನಿಂತವನು ನಕ್ಕುಬಿಟ್ಟ. “ಲೇ, ಅಂಗೈಯಾಗ ಇನ್ನೊಂದು ಎಲಿ ಐತಲ್ಲೋ!”

ಮುಗಿಯಿತು. ಹುಡುಗ ಕಟ್ಟನ್ನು ಜೇಬಿಗೆ ಹಾಕಿದವನು ಮತ್ತೆ ಹೊರಗೆ ತೆಗೆದಿಲ್ಲ. ನನಗೆ ಅವನು ಹೇಳಿದ ಮಾತು ಇಷ್ಟೇ: “ನನ್ನ ಕೈಯಾಗ ಅದು ಇಲ್ಲ ಬಿಡ್ರಿ.”

ರಸಿಕರೇ, ಇಲ್ಲೇ ನನಗೆ ಸಿಟ್ಟು ಬಂದದ್ದು. ಅವನ ಕೈಯಲ್ಲಿ ಏನೂ ಕೊರತೆ ಇರಲಿಲ್ಲ. ನಾನೇ ಮಾಡಿಸಿ ನೋಡಿದೆ, ಮುಂದಿನಿಂದ ನೋಡಿದರೆ ಮಾಡುವ ಕೆಲಸ ಅಚ್ಚುಕಟ್ಟು. ಆದರೆ “ಹಿಂದೆ ಯಾರೂ ನಿಂತಿರಬಾರದು” ಅನ್ನೋ ಒಂದು ಮಾತನ್ನು ಆ ಪಾಠ ಅವನಿಗೆ ಹೇಳಿಯೇ ಇರಲಿಲ್ಲ! ಕೆಟ್ಟ ಸಿನಿಮಾ ನೋಡಿದರೆ ಡೈರೆಕ್ಟರನ್ನು ಬಯ್ದು ಹೊರಗೆ ಬರ್ತೀವಿ. ಕೆಟ್ಟ ಪಾಠ ನೋಡಿದರೆ ನಮ್ಮನ್ನೇ ಬಯ್ದುಕೊಳ್ತೀವಿ. ರೊಕ್ಕ ಹೋದದ್ದು ಸಣ್ಣ ವಿಷಯ, ಮತ್ತೆ ದುಡಿಯಬಹುದು. ತನ್ನ ಕೈ ಮೇಲಿನ ನಂಬಿಕೆ ಹೋದರೆ ಯಾವ ಗಿರಣಿಯಲ್ಲಿ ದುಡಿದು ತರೋದು? ತಪ್ಪು ಕೈಯದೋ ಪಾಠದ್ದೋ ಅಂತ ಹೇಳೋಕೆ ಒಂದು ಅಳತೆಗೋಲು ಬೇಕು.

ಕತ್ತರಿಯ ಮಹಿಮೆ

ಸಿನಿಮಾ ಮತ್ತು ಇಂದ್ರಜಾಲ ಒಂದೇ ತಾಯಿಯ ಮಕ್ಕಳು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದ ದಾದಾಸಾಹೇಬ ಫಾಲ್ಕೆ ಸ್ವತಃ ಜಾದೂಗಾರರು. ‘ಫಾಲ್ಕೆ’ಯನ್ನು ತಿರುಗಿಸಿ ‘ಪ್ರೊಫೆಸರ್ ಕೆಲ್ಫಾ’ ಅಂತ ಹೆಸರಿಟ್ಟುಕೊಂಡು ಆಟ ತೋರಿಸುತ್ತಿದ್ದರು. ಅವರಿಗಿಂತ ಮೊದಲು ಫ್ರಾನ್ಸಿನ ಜಾರ್ಜ್ ಮೆಲಿಯೆಸ್. ಪ್ಯಾರಿಸ್ಸಿನಲ್ಲಿ ಮ್ಯಾಜಿಕ್ ಥಿಯೇಟರ್ ನಡೆಸುತ್ತಿದ್ದ ಈ ಮಹಾನುಭಾವ 1896ರಲ್ಲಿ ಕ್ಯಾಮೆರಾ ನಿಲ್ಲಿಸಿ, ಹೆಂಗಸನ್ನು ಎಬ್ಬಿಸಿ ಕಳಿಸಿ, ಮತ್ತೆ ಕ್ಯಾಮೆರಾ ಓಡಿಸಿದ. ತೆರೆಯ ಮೇಲೆ ಹೆಂಗಸು ಮಾಯ!

ನಮ್ಮ ಉಡುಪಿ ಸೀಮೆಯ ಬಿ. ವಿಠಲಾಚಾರ್ಯರು ಕನ್ನಡದಲ್ಲೂ ತೆಲುಗಿನಲ್ಲೂ ದೆವ್ವ, ಮೋಹಿನಿಯರನ್ನು ಕುಣಿಸಿದ್ದು ಇಂಥ ಉಪಾಯಗಳಿಂದಲೇ. 1957ರ ‘ಮಾಯಾಬಜಾರ್’ನಲ್ಲಿ ಘಟೋತ್ಕಚನ ಬಾಯಿಗೆ ಲಾಡು ತಾವಾಗೇ ಹಾರಿ ಹೋಗುವುದನ್ನು ಸಿಂಧನೂರಿನ ಕ್ಯಾಂಪುಗಳ ತೆಲುಗು ಅಜ್ಜಂದಿರು ಇವತ್ತಿಗೂ ಕಣ್ಣರಳಿಸಿ ಹೇಳ್ತಾರೆ. ಅದು ಮಾರ್ಕಸ್ ಬಾರ್ಟ್ಲೆ ಅವರ ಕ್ಯಾಮೆರಾ.

ಕತ್ತರಿಯ ಶಕ್ತಿ ಎಷ್ಟು ಅಂತ ತಿಳಿಯಬೇಕಾದರೆ ಪಿ.ಸಿ. ಸರ್ಕಾರರ ಪ್ರಸಂಗ ಕೇಳಿ. ಆರ್.ಎಚ್. ಕ್ಯಾಂಪುಗಳ ಬಂಗಾಳಿ ಹಿರಿಯರಿಗೆ ಈ ಹೆಸರು ಪರಿಚಯ ಮಾಡಿಕೊಡಬೇಕಿಲ್ಲ. 1956ರ ಏಪ್ರಿಲ್ 9ರಂದು ಲಂಡನ್ನಿನ ಬಿಬಿಸಿ ಟೆಲಿವಿಷನ್ನಿನಲ್ಲಿ ಸರ್ಕಾರ್ ಒಬ್ಬ ಹುಡುಗಿಯನ್ನು ಗರಗಸದಿಂದ ಕೊಯ್ದರು. ಅವಳು ಎದ್ದು ಬರುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು. ಹುಡುಗಿ ಸತ್ತೇ ಹೋದಳು ಅಂತ ಜನ ಗಾಬರಿಯಾಗಿ ಬಿಬಿಸಿಗೆ ಫೋನಿನ ಮೇಲೆ ಫೋನು! ನೋಡಿ, ಎಲ್ಲಿ ಕಟ್ ಆಗುತ್ತೋ ಅಲ್ಲಿ ನಮ್ಮ ಮನಸ್ಸು ತಾನೇ ಕಥೆ ಕಟ್ಟಿಕೊಳ್ಳುತ್ತೆ.

ಸಿನಿಮಾಕ್ಕೆ ಇದು ಭೂಷಣ. ನಾವು ಟಿಕೆಟ್ ಕೊಟ್ಟು ಹೋಗೋದೇ ಬೇಸ್ತು ಬೀಳೋಕೆ. ಆದರೆ ಪಾಠ? ಪಾಠದಲ್ಲಿ ಕತ್ತರಿ ಆಡಿದ ಜಾಗದಲ್ಲೇ ಕಲಿಯುವವನ ಕಾಲು ಜಾರೋದು. ಆದ್ದರಿಂದ ನನ್ನ ಬೋರ್ಡಿನಲ್ಲಿ ಏಳು ಪ್ರಶ್ನೆ. ಒಂದೊಂದಕ್ಕೆ ಒಂದು ಮಾರ್ಕು. ಪೆನ್ನು ತಗೊಳ್ಳಿ.

1. ಮುಖ, ಕೈ ಒಂದೇ ಫ್ರೇಮಿನಲ್ಲಿ ಇವೆಯಾ?

1973ರಲ್ಲಿ ‘ದಿ ಸ್ಟಿಂಗ್’ ಅಂತ ಇಂಗ್ಲಿಷ್ ಚಿತ್ರ ಬಂತು. ಅದರಲ್ಲಿ ಪಾಲ್ ನ್ಯೂಮನ್ ಎಲೆ ಕಲಸೋದು, ಬೇಕಾದ ಎಲೆ ಎತ್ತೋದು ನೋಡಿ ಜಗತ್ತೇ ಶಿಳ್ಳೆ ಹೊಡೆಯಿತು. ಕ್ಲೋಸಪ್ಪಿನಲ್ಲಿ ಕಾಣುವ ಆ ಕೈಗಳು ನ್ಯೂಮನ್‌ರದಲ್ಲ! ಜಾನ್ ಸ್ಕಾರ್ನ್ ಅನ್ನೋ ಇಸ್ಪೀಟ್ ಪಂಡಿತರ ಕೈಗಳವು. ಫೈಟಿಂಗಿಗೆ ಡೂಪ್ ಇರುವ ಹಾಗೆ ಬೆರಳಿಗೂ ಡೂಪ್.

ಸಿನಿಮಾದಲ್ಲಿ ಇದಕ್ಕೆ ಮಾಫಿ ಉಂಟು. ಪಾಠದಲ್ಲಿ ಇಲ್ಲ. ಕಲಿಸುವವನು ಮೊದಲು ಇಡೀ ಆಟವನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಶಾಟಿನಲ್ಲಿ ಮಾಡಿ ತೋರಿಸಬೇಕು. ಎದುರಿಗೆ ನಿಜವಾದ ನೋಡುಗ ಇರಬೇಕು, ಮುಂಚೆಯೇ ಶಾಮೀಲಾದ ಗೆಳೆಯನಲ್ಲ. ಎಲೆ ಬದಲಾಗುವ ಕ್ಷಣಕ್ಕೇ ಕ್ಯಾಮೆರಾ ನೋಡುಗರ ಮುಖಕ್ಕೆ ಹೊರಳಿತೋ, ಸೊನ್ನೆ ಹಾಕಿ.

2. ನೋಡುವವನ ಕಣ್ಣು, ಮಾಡುವವನ ಕಣ್ಣು, ಎರಡೂ ಉಂಟಾ?

ಎದುರು ಕೂತವನಿಗೆ ಏನು ಕಾಣಬೇಕು ಅಂತ ಒಂದು ಕ್ಯಾಮೆರಾ. ಮಾಡುವವನ ಹೆಗಲ ಮೇಲಿಂದ, ಅವನ ಬೆರಳು ಅವನಿಗೇ ಹೇಗೆ ಕಾಣುತ್ತೆ ಅಂತ ಇನ್ನೊಂದು. ಎರಡೂ ಬೇಕು. ಎದುರಿನದು ಮಾತ್ರ ಇದ್ದರೆ ಕಿರುಬೆರಳು ಎಲ್ಲಿದೆ ಅಂತ ಗೊತ್ತಾಗೋದೇ ಇಲ್ಲ. ಇಸ್ಪೀಟಿನಲ್ಲಿ ಅರ್ಧ ವಿದ್ಯೆ ಇರೋದೇ ಆ ಕಿರುಬೆರಳಲ್ಲಿ.

ಇನ್ನೊಂದು ಸಣ್ಣ ಕಿತಾಪತಿ. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದರೆ ಎಷ್ಟೋ ಸಲ ಚಿತ್ರ ಕನ್ನಡಿಯ ಹಾಗೆ ತಿರುಗಿರುತ್ತೆ. ಎಡಗೈ ಬಲಗೈ ಆಗಿಬಿಡುತ್ತೆ. ಎಲೆಯ ಮೂಲೆಯಲ್ಲಿರುವ 7 ನೋಡಿ. ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೆ ಪಾಠವೂ ತಿರುಗಿದೆ ಅಂತ ಅರ್ಥ. ಇದು ಕಲಿಸುವವನಿಗೇ ಗೊತ್ತಿಲ್ಲದಿದ್ದರೆ ಅವನು ತನ್ನ ವಿಡಿಯೋ ತಾನೇ ಒಮ್ಮೆಯೂ ನೋಡಿಲ್ಲ!

3. ನಿಧಾನಕ್ಕೆ ಮಾಡಿ ತೋರಿಸ್ತಾನಾ?

ಬಹಳ ಮಂದಿ ಹುಡುಗರು ಬೀಳೋದು ಇಲ್ಲೇ. ಸರಸರ ಅಂತ ಬೆರಳಾಡಿಸಿದವನೇ ಗುರು ಅಂತ ತಿಳಿದುಬಿಡ್ತಾರೆ. ಕೇಳಿ, ಅರ್ಜೆಂಟೀನಾ ದೇಶದಲ್ಲಿ ರೆನೆ ಲಾವಂಡ್ ಅಂತ ಒಬ್ಬರಿದ್ದರು. ಹುಟ್ಟಿದ್ದು 1928, ತೀರಿಕೊಂಡದ್ದು 2015. ಒಂಬತ್ತನೇ ವಯಸ್ಸಿನಲ್ಲಿ ಕಾರಿಗೆ ಸಿಕ್ಕಿ ಬಲಗೈ ಕಳೆದುಕೊಂಡರು. ಉಳಿದ ಎಡಗೈ ಒಂದರಿಂದಲೇ ಇಸ್ಪೀಟ್ ಆಟ ತೋರಿಸಿ ಲೋಕಪ್ರಸಿದ್ಧರಾದರು. ಅವರ ಹೆಗ್ಗಳಿಕೆ ವೇಗ ಅಲ್ಲ, ನಿಧಾನ! ಪ್ರತಿ ಸಲವೂ ಇನ್ನಷ್ಟು ನಿಧಾನವಾಗಿ ಮಾಡಿ, ಆದರೂ ಕಣ್ಣಿಗೆ ಸಿಗದ ಹಾಗೆ ಮಾಡುತ್ತಿದ್ದರು.

ಅಮೆರಿಕದ ರಿಚರ್ಡ್ ಟರ್ನರ್‌ಗೆ ಕಣ್ಣೇ ಕಾಣೋದಿಲ್ಲ. ಇಸ್ಪೀಟ್ ಕೈಚಳಕದಲ್ಲಿ ಜಗತ್ತಿನ ದೊಡ್ಡ ಹೆಸರು. 2017ರಲ್ಲಿ ‘ಡೆಲ್ಟ್’ ಅನ್ನೋ ಸಾಕ್ಷ್ಯಚಿತ್ರವೇ ಬಂತು ಅವರ ಮೇಲೆ. ಅವರ ವಿದ್ಯೆ ಪೂರಾ ಬೆರಳ ತುದಿಯ ಸ್ಪರ್ಶದಲ್ಲಿದೆ. ಹಾಗಾಗಿ ಒಳ್ಳೆ ಪಾಠ “ಹೀಗೆ ಕಾಣುತ್ತೆ” ಅಂತ ಮಾತ್ರ ಹೇಳೋದಿಲ್ಲ. “ಬೆರಳಿಗೆ ಹೀಗೆ ತಾಗಬೇಕು, ಇಷ್ಟೇ ಒತ್ತಬೇಕು” ಅಂತಲೂ ಹೇಳುತ್ತೆ. ಯೂಟ್ಯೂಬಿನಲ್ಲಿ ವೇಗ ಕಾಲುಭಾಗಕ್ಕೆ ಇಳಿಸೋ ಗುಂಡಿ ಇದೆ, 0.25 ಅಂತ. ಗುರು ನಿಧಾನಕ್ಕೆ ತೋರಿಸದೆ ಅದನ್ನು ನೀವೇ ಒತ್ತಬೇಕಾಗಿ ಬಂದರೆ ಮಾರ್ಕು ಇಲ್ಲ.

4. ಸುತ್ತ ಜನ ನಿಂತರೆ ನಡೆಯುತ್ತಾ?

ಇದು ನಮ್ಮ ಸೀಮೆಯ ಪ್ರಶ್ನೆ. ಅಲ್ಲಿಯ ವಿಡಿಯೋಗಳಲ್ಲಿ ಮೇಜು, ಮೇಲೆ ಮೆತ್ತನೆ ಬಟ್ಟೆ, ಎದುರಿಗೆ ಇಬ್ಬರು ಶಿಸ್ತಾಗಿ ಕುರ್ಚಿಯಲ್ಲಿ. ನಮ್ಮಲ್ಲಿ? ಸಿಂಧನೂರು ಸ್ಟ್ಯಾಂಡಿನಲ್ಲಿ ಎಲೆ ತೆಗೆದು ನೋಡಿ, ನಾಲ್ಕು ದಿಕ್ಕಿಗೂ ಜನ! ಹೆಗಲ ಮೇಲೊಬ್ಬ, ಕಂಕುಳ ಸಂದಿಯಲ್ಲೊಬ್ಬ.

ಆದರೆ ಇದು ಆಗದ ಕೆಲಸವಲ್ಲ. ನಮ್ಮ ಕಡೆ ಸುಡುಗಾಡು ಸಿದ್ಧರು ಊರೂರು ಅಲೆದು ಕೈಚಳಕ ತೋರಿಸುತ್ತಾ ಬಂದವರು. ‘ಸುಡುಗಾಡು ಸಿದ್ಧರ ಕೈಚಳಕ’ ಅಂತ ಜಾನಪದ ಕಲೆಗಳಲ್ಲಿ ಅದಕ್ಕೆ ಹೆಸರೇ ಇದೆ. ಬಯಲಿನಲ್ಲಿ, ಹಾಡುಹಗಲಲ್ಲಿ, ಸುತ್ತ ಊರಿನವರು ನೆರೆದು ನಿಂತಿರುವಾಗ ಆಟ ಆಡುತ್ತಾರೆ. ಮೇಜಿಲ್ಲ, ಪರದೆಯಿಲ್ಲ, ಕತ್ತರಿ ಆಡಿಸೋ ಎಡಿಟರ್ ಇಲ್ಲ, ರೀಟೇಕ್ ಅಂತೂ ಇಲ್ಲವೇ ಇಲ್ಲ. ತಪ್ಪಿದರೆ ಅವತ್ತಿನ ಗಂಜಿಗೆ ಕಲ್ಲು. ಆ ವಿದ್ಯೆ ತಂದೆಯಿಂದ ಮಗನ ಕೈಗೆ ದಾಟಿದ್ದು, ಯಾವ ವಿಡಿಯೋದಿಂದಲೂ ಅಲ್ಲ.

ಎಲ್ಲ ಆಟವೂ ಸುತ್ತ ಜನರ ನಡುವೆ ನಡೆಯಲೇಬೇಕು ಅಂತ ನಾನು ಹೇಳ್ತಿಲ್ಲ. ಕೆಲವು ಆಟ ಎದುರಿಗಷ್ಟೇ. ಆದರೆ ಹಾಗಂತ ಕಲಿಸುವವನು ಹೇಳಬೇಕು. “ಬೆನ್ನು ಗೋಡೆಗೆ ಇರಲಿ, ಎಡಗಡೆ ಯಾರೂ ಬೇಡ” ಅಂದರೆ ಸಾಕಿತ್ತು, ನಮ್ಮ ಗಿರಣಿ ಹುಡುಗ ಚಹಾ ಅಂಗಡಿಯ ಗೋಡೆಗೆ ಒರಗಿ ನಿಂತು ಅವತ್ತು ಹೀರೋ ಆಗುತ್ತಿದ್ದ!

5. ಎಲೆ ಯಾವುದು ಅಂತ ಹೇಳ್ತಾನಾ?

ವಿಡಿಯೋದವರ ಕೈಯಲ್ಲಿ ಬಹುಪಾಲು ಅಮೆರಿಕದ ‘ಬೈಸಿಕಲ್’ ಕಟ್ಟು. 1885ರಿಂದ ಇರುವ ಹೆಸರು. ಅಗಲ ಎರಡೂವರೆ ಇಂಚು, ಉದ್ದ ಮೂರೂವರೆ. ಕಾಗದದ ಎಲೆ, ಮೈಮೇಲೆ ಸಣ್ಣ ಸಣ್ಣ ಗುಳಿ. ಅದರಿಂದ ಒಂದರ ಮೇಲೊಂದು ನುಣುಪಾಗಿ ಜಾರುತ್ತೆ. ಎರಡೂಕಾಲು ಇಂಚಿನ ಅಗಲ ಕಡಿಮೆಯ ಎಲೆಯೂ ಇದೆ. ಅಂಗೈಯಲ್ಲಿ ಅಡಗಿಸೋಕೆ ಸುಲಭ, ಬೀಸಣಿಗೆ ಹಾಗೆ ಬಿಡಿಸೋಕೆ ಬೇರೆ ಅಳತೆ.

ನಮ್ಮ ಪೇಟೆಯಲ್ಲಿ ಸಿಗುವ ಅಗ್ಗದ ಕಟ್ಟು ಒಂದು ವಾರಕ್ಕೆ ಅಂಟಿಕೊಳ್ಳುತ್ತೆ. ಮೇಲೆ ರಾಯಚೂರು ಜಿಲ್ಲೆಯ ಬೇಸಿಗೆ, 40 ಡಿಗ್ರಿ ದಾಟಿದ ಬಿಸಿಲು, ಕೈ ತುಂಬ ಬೆವರು. ಎರಡೆಲೆ ಒಂದಾಗಿ ಬರುತ್ತೆ, ಹುಡುಗ ತನ್ನ ಬೆರಳನ್ನು ಶಪಿಸ್ತಾನೆ. ಒಳ್ಳೆ ಗುರು ಮೊದಲೇ ಹೇಳ್ತಾನೆ: ಎಲೆ ಇಂಥದ್ದು, ಹಳೆಯದಾದರೆ ಈ ಆಟ ಬೇಡ, ಕೈ ಒರೆಸಿಕೊಳ್ಳಿ. ಅದಕ್ಕಿಂತ ಮುಖ್ಯ, ಮಾಮೂಲಿ ಕಟ್ಟು ಸಾಕೋ ಅಥವಾ ಒಳಗೆ ಕರಾಮತ್ತಿರುವ ವಿಶೇಷ ಎಲೆ ಬೇಕೋ ಅಂತ ರೊಕ್ಕ ತಗೊಳ್ಳುವ ಮೊದಲೇ ತಿಳಿಸಬೇಕು. ಪಾಠ ಕೊಂಡ ಮೇಲೆ “ಈಗ ಈ ಎಲೆಯನ್ನು ಬೇರೆಯಾಗಿ ಕೊಳ್ಳಿ” ಅಂದರೆ, ಇಂಟರ್ವಲ್‌ನಲ್ಲಿ ಎರಡನೇ ಟಿಕೆಟ್ ಕೇಳಿದ ಹಾಗೆ!

6. ತಪ್ಪಿದರೆ ಏನು ಅಂತ ಕಲಿಸ್ತಾನಾ?

ನೋಡುಗ ಎಲೆ ಕಿತ್ತುಕೊಂಡರೆ? ತಾನು ಆರಿಸಿದ ಎಲೆ ಮರೆತರೆ? “ನಾನೇ ಕಲಸ್ತೀನಿ ಕೊಡು” ಅಂದರೆ? ಈ ಮೂರಕ್ಕೂ ಉತ್ತರ ಇಲ್ಲದ ಪಾಠ ಅರ್ಧ ಪಾಠ. ಹೊಸಬರು ಮಾಡುವ ತಪ್ಪು ಯಾವುವು, ಹೆಬ್ಬೆರಳು ಎಲ್ಲಿ ಮೋಸ ಮಾಡುತ್ತೆ, ಕಣ್ಣು ಎಲ್ಲಿ ನೋಡಬಾರದು, ಮಾತು ಯಾವಾಗ ಆಡಬೇಕು, ಇದೆಲ್ಲ ಬರಬೇಕು. ಇಸ್ಪೀಟ್ ಮ್ಯಾಜಿಕ್ಕಿಗೂ ಚಿತ್ರಕಥೆ, ಸಂಭಾಷಣೆ ಉಂಟು ರೀ! ಬೆರಳು ಫೈಟ್ ಮಾಸ್ಟರ್ ಅಷ್ಟೇ.

ಒಂದು ಉದಾಹರಣೆ. ‘ಡಬಲ್ ಲಿಫ್ಟ್’ ಅನ್ನೋದು ಈ ವಿದ್ಯೆಯ ಅ ಆ ಇ ಈ. ಗುಟ್ಟು ನಾನು ಬಿಚ್ಚೋದಿಲ್ಲ, ಜಾದೂಗಾರರ ಹೊಟ್ಟೆಪಾಡು ಅದರಲ್ಲಿದೆ. ಆದರೆ ಅದನ್ನು ಕಲಿಸುವ ಯಾವುದಾದರೂ ಎರಡು ವಿಡಿಯೋ ತೆಗೆದು ಗಡಿಯಾರ ಹಿಡಿದು ಕೂತುಕೊಳ್ಳಿ. ಒಂದರಲ್ಲಿ ಮೊದಲ ಎರಡು ನಿಮಿಷ ಬೆನ್ನು ತಟ್ಟಿಕೊಳ್ಳೋದು, ಆಮೇಲೆ ಚಾನೆಲ್ಲಿಗೆ ಚಂದಾದಾರರಾಗಿ ಅನ್ನೋದು, ಕೊನೆಗೆ “ಹೀಗೆ ಎತ್ತಿ” ಅಂತ ಹತ್ತು ಸೆಕೆಂಡು. ಇನ್ನೊಂದರಲ್ಲಿ ಎತ್ತುವ ಮೊದಲು ಬೆರಳು ಮಾಡಿಕೊಳ್ಳುವ ತಯಾರಿಗೇ ಎರಡು ನಿಮಿಷ, ಎಲೆಯನ್ನು ವಾಪಸ್ ಇಡುವ ರೀತಿಗೆ ಎರಡು ನಿಮಿಷ, ಯಾವಾಗ ಮಾಡಬಾರದು ಅನ್ನೋದಕ್ಕೆ ಒಂದು ನಿಮಿಷ. ಯಾವುದಕ್ಕೆ ಮಾರ್ಕು ಅಂತ ನಾನು ಹೇಳಬೇಕಾ?

7. ಯಾರ ವಿದ್ಯೆ ಅಂತ ಹೆಸರು ಹೇಳ್ತಾನಾ?

ಇದಕ್ಕೆ ಮಸ್ಕಿಗೆ ಬನ್ನಿ. 1915ರಲ್ಲಿ ಬೀಡನ್ ಅನ್ನೋ ಗಣಿ ಇಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಶಾಸನ ಕಂಡ. ಅಲ್ಲಿಯವರೆಗೆ ದೇಶದ ಮೂಲೆಮೂಲೆಯ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಅಂತ ಬಿರುದು ಸಿಗುತ್ತಿತ್ತು, ಆ ಬಿರುದಿನ ಪಕ್ಕ ಅಶೋಕ ಅನ್ನೋ ಹೆಸರು ಸಿಕ್ಕಿರಲಿಲ್ಲ. ಮಸ್ಕಿಯ ಬಂಡೆ ಹೆಸರು ಹೇಳಿತು! ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾಯಿತು. ಮಸ್ಕಿಯ ಹುಡುಗರೇ, ಹೆಸರು ಹೇಳುವುದರ ಬೆಲೆ ನಿಮ್ಮೂರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಸ್ಪೀಟ್ ಲೋಕದಲ್ಲಿ ಉಲ್ಟಾ ಕಥೆ ಒಂದಿದೆ. 1902ರಲ್ಲಿ ಷಿಕಾಗೋದಲ್ಲಿ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಅಂತ ಪುಸ್ತಕ ಬಂತು. 101 ರೇಖಾಚಿತ್ರಗಳಿವೆ. ಬರೆದವನ ಹೆಸರು ಎಸ್.ಡಬ್ಲ್ಯೂ. ಅರ್ಡ್‌ನೇಸ್. ಅದು ಸುಳ್ಳು ಹೆಸರು, ನಿಜವಾದ ಮನುಷ್ಯ ಯಾರು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಆದರೂ ನೂರಿಪ್ಪತ್ತು ವರ್ಷದಿಂದ ಈ ವಿದ್ಯೆ ಕಲಿಯುವವರಿಗೆ ಅದೇ ವೇದ. ಕೆನಡಾದಲ್ಲಿ 1894ರಲ್ಲಿ ಹುಟ್ಟಿದ ಡೈ ವರ್ನನ್ ಬಾಲ್ಯದಲ್ಲೇ ಅದನ್ನು ಅರೆದು ಕುಡಿದವರು. 1922ರಲ್ಲಿ ಷಿಕಾಗೋದಲ್ಲಿ ಹ್ಯಾರಿ ಹುಡಿನಿಯ ಎದುರು ಒಂದೇ ಆಟವನ್ನು ಮತ್ತೆ ಮತ್ತೆ ಮಾಡಿದರೂ ಹುಡಿನಿಗೆ ಗುಟ್ಟು ಹೊಳೆಯಲಿಲ್ಲ.

ಇದೇ ವರ್ನನ್ ಮುಪ್ಪಿನಲ್ಲಿ, 1980ರ ದಶಕದಲ್ಲಿ, ವಿಡಿಯೋ ಕ್ಯಾಸೆಟ್ಟುಗಳಿಗೆ ಪಾಠ ಹೇಳಿದರು. ಥಳುಕಿಲ್ಲ, ಬಳುಕಿಲ್ಲ. ಮುದುಕರೊಬ್ಬರು ಗೆಳೆಯರ ಜೊತೆ ಕೂತು ಎಲೆ ಹಿಡಿದು ಮಾತಾಡುತ್ತಾರೆ, ಅಷ್ಟೇ. ಮಾತಿನ ನಡುವೆ ಇದು ಇಂಥವರಿಂದ ಬಂದದ್ದು, ಇದು ಇಂಥವರದು ಅಂತ ಹೆಸರು ಹೇಳುತ್ತಾ ಹೋಗುತ್ತಾರೆ. ಜಾದೂಗಾರರು ಅವನ್ನು ಇವತ್ತಿಗೂ ನಿಧಿಯ ಹಾಗೆ ಕಾಪಾಡ್ತಾರೆ. ಕ್ಯಾಮೆರಾ ದುಬಾರಿಯಾದರೆ ಪಾಠ ದೊಡ್ಡದಾಗೋದಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಗುರುವಿನ ಹೆಸರು ಹೇಳುವವನಿಗೆ ಆ ವಿದ್ಯೆಯ ಬೇರು ಗೊತ್ತಿರುತ್ತೆ, ಆ ಆಟ ಹಾಗೇ ಏಕೆ ಇದೆ ಅಂತಲೂ ಗೊತ್ತಿರುತ್ತೆ. ಕದ್ದವನಿಗೆ ಮೇಲಿನ ಎಲೆ ಮಾತ್ರ ಗೊತ್ತು.

ಮಸ್ಕಿಯಲ್ಲಿ ಒಬ್ಬ ಹುಡುಗ ನನಗೆ ಒಂದೇ ಒಂದು ಆಟ ತೋರಿಸಿದ. ಕಲಿತದ್ದು ಯಾವುದೋ ಪುಕ್ಕಟೆ ವಿಡಿಯೋದಿಂದ. ಚಿತ್ರ ಮಸುಕು, ಹಿಂದೆ ಫ್ಯಾನಿನ ಗುರ್ ಗುರ್. ಆದರೆ ಪಾಠದವನು ಕಾಲು ಗಂಟೆ ಒಂದೇ ಆಟ ಹಿಡಿದು, ಬೆರಳು ಬೆರಳಿಗೂ ಲೆಕ್ಕ ಹೇಳಿದ್ದ. ಸುತ್ತ ಎಂಟು ಮಂದಿ ನಿಂತಿದ್ದೆವು, ಯಾರ ಕಣ್ಣಿಗೂ ಸಿಗಲಿಲ್ಲ. “ಇನ್ನೊಂದು ತೋರ್ಸು ತಮ್ಮಾ” ಅಂದೆ. “ಇನ್ನೊಂದು ಇನ್ನಾ ಪಕ್ಕಾ ಆಗಿಲ್ರಿ” ಅಂದ. ಈ ಮಾತು ಹೇಳೋಕೆ ಕಲಿಸಿದ ಗುರು ಏಳಕ್ಕೆ ಏಳು!

ಹಟ್ಟಿಯ ಲೆಕ್ಕ

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆಯಲ್ಲ, ಅಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗೋದು ಕೆಲವೇ ಗ್ರಾಂ ಚಿನ್ನ. ವಿಡಿಯೋಗಳ ಲೆಕ್ಕವೂ ಅದೇ. ಕಲ್ಲು ಬಹಳ. ಕೊಳ್ಳುವ ಮುಂಚೆ ಹೀಗೆ ಸೋಸಿ. ಟ್ರೇಲರಿನಲ್ಲಿ ಕಟ್ ಇಲ್ಲದ ಒಂದು ಪೂರ್ತಿ ಆಟವಾದರೂ ಇದೆಯಾ ನೋಡಿ. ಅದೇ ಗುರುವಿನ ಪುಕ್ಕಟೆ ಪಾಠ ಒಂದಿದ್ದರೆ ಮೊದಲು ಅದನ್ನು ಕಲಿಯಿರಿ. ಅದು ಕೈಗೆ ಹತ್ತಿದರೆ ಮಾತ್ರ ಹತ್ತು ಡಾಲರ್, ಇಪ್ಪತ್ತು ಡಾಲರ್ ವಿಚಾರ. ಎರಡು ದಿನ ಬಿಟ್ಟು ಮತ್ತೆ ಕೊಳ್ಳಬೇಕು ಅನಿಸುತ್ತಾ ಕೇಳಿಕೊಳ್ಳಿ. ಟ್ರೇಲರಿನ ಸಂಗೀತ ಅಷ್ಟರಲ್ಲಿ ಕಿವಿಯಿಂದ ಇಳಿದಿರುತ್ತೆ.

ಲಿಂಗಸುಗೂರಿನಲ್ಲಿ ಇನ್ನೊಂದು ತರಹದ ವಿಡಿಯೋ ಕಂಡೆ. ಒಬ್ಬ ಹುಡುಗ ಮೆಲ್ಲಗೆ ತೋರಿಸಿದ. “ಅಂದರ್ ಬಾಹರ್ ಆಟದಾಗ ಸೋಲೂದೇ ಇಲ್ಲಂತ್ರಿ, ಫೀಸು ಕಟ್ಟಿದ್ರ ಎಲಿ ಹಾಕೂದು ಕಲಿಸ್ತಾರಂತ.” ಮುಖ ಮುಚ್ಚಿಕೊಂಡ ಗುರು, ಮುಂದೆ ನೋಟಿನ ಕಂತೆ.

ಇದಕ್ಕೆ ನನ್ನ ಬೋರ್ಡಿನಲ್ಲಿ ಮಾರ್ಕು ಇಲ್ಲ, ನೇರ ಬ್ಯಾನ್! ಸೋಲದ ವಿದ್ಯೆ ಗೊತ್ತಿದ್ದವನು ನಿಮ್ಮ ಫೀಸಿಗೆ ಕೈ ಚಾಚ್ತಾನಾ? ಯೋಚನೆ ಮಾಡಿ. ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಅಂದರ್ ಬಾಹರ್ ಕಣಕ್ಕೆ ಪೊಲೀಸರು ಬಂದರೆ ಎಲೆ, ನೋಟು, ಮೊಬೈಲು, ಮಾನ ಎಲ್ಲ ಒಟ್ಟಿಗೇ ಜಪ್ತಿ. ಅದಕ್ಕಿಂತ ಮೊದಲೇ ಕಣದವರ ಕೈಗೆ ಸಿಕ್ಕರೆ ಕಾಯ್ದೆಯ ಅವಶ್ಯಕತೆಯೂ ಬೀಳೋದಿಲ್ಲ!

ನ್ಯೂಮನ್‌ಗೆ ಕೈ ಕೊಟ್ಟರಲ್ಲ, ಆ ಜಾನ್ ಸ್ಕಾರ್ನ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಶಿಬಿರಗಳಿಗೆ ಹೋಗಿ ಇದೇ ಕೈಚಳಕ ತೋರಿಸುತ್ತಿದ್ದರು. ಏನಕ್ಕೆ? ಜೂಜಿನಲ್ಲಿ ಮೋಸಗಾರರು ಹೇಗೆ ಬೋಳಿಸ್ತಾರೆ ಅಂತ ಎಚ್ಚರಿಸೋಕೆ. ಬೆರಳಿನ ವಿದ್ಯೆ ಅದೇ. ಜಾದೂಗಾರ ಮುಂಚೆಯೇ “ನಿಮ್ಮ ಕಣ್ಣು ಕಟ್ಟುತ್ತೇನೆ” ಅಂತ ಹೇಳಿ ಕಟ್ಟುತ್ತಾನೆ, ಕೊನೆಗೆ ನಿಮ್ಮ ಎಲೆ ನಿಮಗೇ ವಾಪಸ್. ಜೂಜುಕೋರ ಹೇಳದೆ ಕಟ್ಟುತ್ತಾನೆ, ವಾಪಸ್ ಏನೂ ಇಲ್ಲ.

ಸರಿ, ಈಗ ಮಾರ್ಕು ಕೂಡಿಸಿ. ಏಳಕ್ಕೆ ಮೂರೋ ಅದಕ್ಕಿಂತ ಕಡಿಮೆಯೋ ಬಂದರೆ ಡಬ್ಬಾ ಚಿತ್ರ, ಪುಕ್ಕಟೆ ಇದ್ದರೂ ನೋಡಬೇಡಿ, ಕೈ ಕೆಡುತ್ತೆ. ನಾಲ್ಕು, ಐದು ಬಂದರೆ ಸಾಧಾರಣ. ಉಳಿದದ್ದನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬಹುದು. ಆರು, ಏಳು ಬಂದರೆ ಶತದಿನೋತ್ಸವ! ಅದೊಂದನ್ನೇ ಹಿಡಿದು ಮೂರು ತಿಂಗಳು ಕೂತುಬಿಡಿ, ಬೇರೆ ವಿಡಿಯೋ ಕಡೆ ತಲೆ ಹಾಕಬೇಡಿ. ಆರು, ಏಳು ಬಂದ ಪಾಠವೂ ಮೂರು ತಿಂಗಳಾದರೂ ಕೈಗೆ ಹತ್ತದಿದ್ದರೆ ಆಗ ಬೇಕಾದರೆ ಕೈಯನ್ನು ಬಯ್ಯಿರಿ. ಅದಕ್ಕೆ ಮುಂಚೆ ಬೇಡ.

ಅಂದ ಹಾಗೆ, ಕಲಿತದ್ದನ್ನು ಮೊದಲ ಸಲ ತೋರಿಸೋದು ಮೊಬೈಲಿಗಲ್ಲ, ಮನುಷ್ಯರಿಗೆ. ಮನೆಯಲ್ಲಿ ತಂಗಿಯನ್ನು ಎದುರಿಗೆ ಕೂರಿಸಿ, ತಮ್ಮನನ್ನು ಹಿಂದೆ ನಿಲ್ಲಿಸಿ. ಅವರಿಬ್ಬರಿಂದ ಪಾಸಾದರೆ ಬಸ್‌ಸ್ಟ್ಯಾಂಡಿಗೆ ಬನ್ನಿ.

ಮುಂದಿನ ವಾರ ಮತ್ತೆ ಗಾಂಧಿನಗರ. ಅಲ್ಲೂ ಎಲೆ ಬದಲಾಗ್ತಾ ಇದೆ ಅಂತ ಸುದ್ದಿ. ಬರ್ತೀನಿ!